ಜಪಾನಿನ ಶಾಲೆಯಲ್ಲಿ ಮೊದಲ ವರ್ಷ: ಪಾಠದ ಹೊರಗಿನ ದಿನಚರಿಗೆ ಒಂದು ಮಾರ್ಗದರ್ಶಿ

ಜಪಾನಿನ ಶಾಲೆಗಳಲ್ಲಿ ಇಂಗ್ಲಿಷ್ ಕಲಿಸಲು ಹೋಗುವ ಓದುಗರು ಹೊರಡುವ ಮುನ್ನ ಕೇಳುವುದು ವೀಸಾ, ಸಂಬಳ, ಬಾಡಿಗೆ ಮನೆಗಳ ಬಗ್ಗೆ. ಕೆಲಸಕ್ಕೆ ಸೇರಿ ಎರಡು ಮೂರು ತಿಂಗಳು ಕಳೆದ ಮೇಲೆ ಅವರೇ ಕೇಳುವ ಪ್ರಶ್ನೆ ಬೇರೆಯದು. ಪಾಠಗಳು ಪರವಾಗಿಲ್ಲ ಎನ್ನುವಂತೆ ನಡೆಯುತ್ತಿವೆ, ಯಾರೂ ಗದರಿಲ್ಲ, ಮಕ್ಕಳು ಪ್ರೀತಿಯಿಂದಿದ್ದಾರೆ. ಆದರೂ ಸಂಜೆ ಮನೆ ಸೇರುವಷ್ಟರಲ್ಲಿ ಇಷ್ಟೊಂದು ಬಳಲಿಕೆ ಏಕೆ, ದಿನವಿಡೀ ಏನೋ ತಪ್ಪು ಮಾಡುತ್ತಿದ್ದೇನೆ ಎಂಬ ಅಳುಕು ಏಕೆ? ಈ ಪ್ರಶ್ನೆ ಎಷ್ಟು ಸಲ ಬಂದಿದೆಯೆಂದರೆ, ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಉತ್ತರಿಸುವ ಬದಲು ಎಲ್ಲವನ್ನೂ ಒಂದೆಡೆ ಕ್ರಮವಾಗಿ ಬರೆದಿಡುವುದು ಒಳ್ಳೆಯದೆನಿಸಿತು.

‘ಕಲ್ಚರ್ ಶಾಕ್’ ಎಂಬ ಮಾತನ್ನು 1950ರ ದಶಕದಲ್ಲಿ ಪ್ರಚಾರಕ್ಕೆ ತಂದವರು ಮಾನವಶಾಸ್ತ್ರಜ್ಞ ಕಲೆರ್ವೊ ಓಬರ್ಗ್. ಯಾರಿಗೆ ಯಾವಾಗ ವಂದಿಸಬೇಕು, ಎಲ್ಲಿ ನಿಲ್ಲಬೇಕು, ಯಾವ ಮಾತಿಗೆ ಏನರ್ಥ ಎಂಬಂಥ, ನಾವು ಯೋಚಿಸದೆಯೇ ಬಳಸುವ ನೂರಾರು ಸಣ್ಣ ಸಂಜ್ಞೆಗಳು ಒಮ್ಮೆಗೇ ಕೈತಪ್ಪಿದಾಗ ಹುಟ್ಟುವ ಆತಂಕವನ್ನು ಅವರು ಹಾಗೆ ಕರೆದರು. ಜಪಾನಿನ ಶಾಲೆಗೆ ಈ ವಿವರಣೆ ಚೆನ್ನಾಗಿ ಹೊಂದುತ್ತದೆ. ಅಲ್ಲಿ ಪಾಠವೆಂಬುದು ದಿನದ ಒಂದು ಭಾಗ ಮಾತ್ರ. ಪಾದರಕ್ಷೆ ಬದಲಿಸುವುದು, ಊಟ ಬಡಿಸುವುದು, ನೆಲ ಒರೆಸುವುದು, ವಂದಿಸಿ ಹೊರಡುವುದು ಎಲ್ಲವೂ ಶಿಕ್ಷಣದ ಅಂಗಗಳೇ. ಹೊಸ ಶಿಕ್ಷಕರು ಸಿದ್ಧತೆ ಮಾಡಿಕೊಂಡು ಬರುವುದು ಪಾಠಕ್ಕೆ, ಆದರೆ ಎಡವುವುದು ಪಾಠಗಳ ನಡುವಿನ ಹೊತ್ತಿನಲ್ಲಿ. ಆದ್ದರಿಂದ ಈ ಲೇಖನ ಆ ಹೊತ್ತಿನ ಬಗ್ಗೆಯೇ ಹೆಚ್ಚು ಮಾತನಾಡುತ್ತದೆ.

ಮೊದಲು ತಿಳಿದಿರಬೇಕಾದ ಕೆಲವು ಪದಗಳು

ನಿಮ್ಮ ಹುದ್ದೆಯ ಹೆಸರು ಬಹುತೇಕ ಎಎಲ್‌ಟಿ, ಅಂದರೆ ಸಹಾಯಕ ಭಾಷಾ ಶಿಕ್ಷಕ. ಜಪಾನಿನ ಬೋಧನಾ ಪರವಾನಗಿ ಇರುವ ಶಿಕ್ಷಕರ ಜೊತೆ ತರಗತಿಯಲ್ಲಿ ನಿಂತು ಜೋಡಿಯಾಗಿ ಪಾಠ ಮಾಡುವುದು ಈ ಕೆಲಸ. ತರಗತಿಯ ಹೊಣೆ ಆ ಶಿಕ್ಷಕರದು. ನೇಮಕಾತಿಗೆ ಮುಖ್ಯವಾಗಿ ಮೂರು ದಾರಿಗಳಿವೆ. 1987ರಲ್ಲಿ ಆರಂಭವಾದ ಸರ್ಕಾರಿ ಜೆಟ್ ಕಾರ್ಯಕ್ರಮ ಒಂದು. ನಗರ ಅಥವಾ ಪಟ್ಟಣದ ಶಿಕ್ಷಣ ಮಂಡಳಿ ನೇರವಾಗಿ ನೇಮಿಸಿಕೊಳ್ಳುವುದು ಇನ್ನೊಂದು. ಖಾಸಗಿ ಕಂಪನಿಯೊಂದು ನಿಮ್ಮನ್ನು ನೇಮಿಸಿಕೊಂಡು ಶಾಲೆಗೆ ಕಳುಹಿಸುವುದು ಮೂರನೆಯದು. ಮೂರನೆಯ ದಾರಿಯಲ್ಲಿ ಹೋಗುವವರು ಒಪ್ಪಂದದಲ್ಲಿ ‘ಹಕೆನ್’ ಎಂದಿದೆಯೇ, ‘ಗ್ಯೋಮು ಇತಕು’ ಎಂದಿದೆಯೇ ಎಂಬುದನ್ನು ನೋಡಿಕೊಳ್ಳಿ. ಮೊದಲನೆಯದರಲ್ಲಿ ಶಾಲೆಯವರು ನಿಮಗೆ ನೇರವಾಗಿ ಕೆಲಸ ಹೇಳಬಹುದು. ಎರಡನೆಯದು ಗುತ್ತಿಗೆ, ಅಲ್ಲಿ ಸೂಚನೆ ಕಂಪನಿಯ ಮೂಲಕವೇ ಬರಬೇಕು. ಸಹೋದ್ಯೋಗಿಗಳು ಪಾಠದ ಬಗ್ಗೆ ನಿಮ್ಮೊಡನೆ ಚರ್ಚಿಸಲು ಹಿಂಜರಿದರೆ ಅದಕ್ಕೆ ಕಾರಣ ನಿಮ್ಮ ಮೇಲಿನ ಅಸಡ್ಡೆಯಲ್ಲ, ಈ ಒಪ್ಪಂದದ ನಿಯಮವೇ ಆಗಿರಬಹುದು. ಇದು ತಿಳಿಯದೆ ತಿಂಗಳುಗಟ್ಟಲೆ ನೊಂದುಕೊಂಡವರಿದ್ದಾರೆ.

ಪ್ರಾಥಮಿಕ ಶಾಲೆ 6 ವರ್ಷ, ಕಿರಿಯ ಪ್ರೌಢಶಾಲೆ 3 ವರ್ಷ, ಹಿರಿಯ ಪ್ರೌಢಶಾಲೆ 3 ವರ್ಷ. ಕಡ್ಡಾಯವಾದದ್ದು ಮೊದಲ 9 ವರ್ಷ. ಶಾಲಾ ವರ್ಷ ಏಪ್ರಿಲ್‌ನಲ್ಲಿ ಆರಂಭವಾಗಿ ಮಾರ್ಚ್‌ನಲ್ಲಿ ಮುಗಿಯುತ್ತದೆ. 2020ರ ಏಪ್ರಿಲ್‌ನಿಂದ ಪ್ರಾಥಮಿಕ ಶಾಲೆಯ 5 ಮತ್ತು 6ನೇ ತರಗತಿಗಳಲ್ಲಿ ಇಂಗ್ಲಿಷ್ ಮೌಲ್ಯಮಾಪನವಿರುವ ವಿಷಯವಾಗಿದೆ. 3 ಮತ್ತು 4ನೇ ತರಗತಿಗಳಲ್ಲಿ ಅದು ಆಟ-ಹಾಡುಗಳ ಚಟುವಟಿಕೆಯಾಗಿ ನಡೆಯುತ್ತದೆ. ಪಾಠದ ಅವಧಿ ಪ್ರಾಥಮಿಕದಲ್ಲಿ 45 ನಿಮಿಷ, ಮುಂದಿನ ಹಂತಗಳಲ್ಲಿ 50 ನಿಮಿಷ.

1. ಹೊರಡುವ ಮುನ್ನ

ಔಷಧಿಗಳಿಂದ ಆರಂಭಿಸಿ. ಬೇರೆ ದೇಶಗಳಲ್ಲಿ ಸುಲಭವಾಗಿ ಸಿಗುವ ಕೆಲವು ಶೀತದ ಮಾತ್ರೆಗಳು ಜಪಾನಿನಲ್ಲಿ ನಿಷಿದ್ಧ. ಸ್ಯೂಡೊಎಫೆಡ್ರಿನ್ ಅಂಶ ಹೆಚ್ಚಿರುವವು ಅಂಥವು. ವೈದ್ಯರ ಚೀಟಿಯ ಔಷಧಿಯನ್ನು ಒಂದು ತಿಂಗಳಿಗಿಂತ ಹೆಚ್ಚಿನ ಪ್ರಮಾಣದಲ್ಲಿ ಒಯ್ಯಬೇಕಾದರೆ ‘ಯುನ್ಯೂ ಕಕುನಿನ್‌ಶೊ’ ಎಂಬ ಆಮದು ದೃಢೀಕರಣ ಪತ್ರವನ್ನು ಮೊದಲೇ ಪಡೆಯಬೇಕು. ವಿಮಾನ ನಿಲ್ದಾಣದಲ್ಲಿ ವಿವರಿಸಿದರಾಯಿತು ಎಂದುಕೊಳ್ಳಬೇಡಿ.

ಎರಡನೆಯದು ಹೆಸರು. ತಂದೆಯ ಹೆಸರಿನ ಮೊದಲಕ್ಷರವನ್ನಷ್ಟೇ ಇಟ್ಟುಕೊಂಡವರಿಗೆ, ಮನೆತನದ ಹೆಸರೇ ಇಲ್ಲದವರಿಗೆ ಜಪಾನಿನ ಅರ್ಜಿಗಳು ತೊಡಕಾಗುತ್ತವೆ. ನಿವಾಸ ಕಾರ್ಡಿನಲ್ಲಿ ಪಾಸ್‌ಪೋರ್ಟಿನಲ್ಲಿರುವಂತೆಯೇ ಹೆಸರು ಮುದ್ರಿತವಾಗುತ್ತದೆ, ಬ್ಯಾಂಕಿನವರೂ ವಿಮೆಯವರೂ ಅದನ್ನೇ ನೋಡುತ್ತಾರೆ. ಶಾಲೆಯಲ್ಲಿ ನಿಮ್ಮನ್ನು ಏನೆಂದು ಕರೆಯಬೇಕು ಎಂಬುದನ್ನು ನೀವೇ ತೀರ್ಮಾನಿಸಿ, ಅದನ್ನು ವಿದೇಶಿ ಪದಗಳಿಗೆ ಬಳಸುವ ಕತಕನ ಲಿಪಿಯಲ್ಲಿ ಒಂದೇ ರೀತಿಯಾಗಿ ಬರೆದಿಟ್ಟುಕೊಂಡು ಎಲ್ಲ ಕಡೆಯೂ ಅದನ್ನೇ ಕೊಡಿ. ಎರಡು ಕಡೆ ಎರಡು ರೀತಿ ಬರೆದರೆ ಸಂಬಳ ಖಾತೆಗೆ ಬರುವುದೂ ತಡವಾಗಬಹುದು.

ಮೂರನೆಯದು ಚೂರು ಜಪಾನಿ ಭಾಷೆ. ಕನ್ನಡಿಗರಿಗೆ ಇಲ್ಲಿ ಒಂದು ಅನುಕೂಲವಿದೆ. ಎ-ಏ, ಒ-ಓ ಎಂಬ ಹ್ರಸ್ವ ದೀರ್ಘಗಳ ಭೇದ ನಮ್ಮ ಲಿಪಿಯಲ್ಲೇ ಇದೆ, ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ, ನಾಮಪದದ ಬೆನ್ನಿಗೆ ಪ್ರತ್ಯಯ ಹತ್ತುತ್ತದೆ, ಜಪಾನಿಯಲ್ಲೂ ಹೀಗೆಯೇ. ಆದ್ದರಿಂದ ಟಿಪ್ಪಣಿಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಳ್ಳುವ ಬದಲು ಕನ್ನಡದಲ್ಲೇ ಬರೆದುಕೊಳ್ಳಿ, ಉಚ್ಚಾರ ಹೆಚ್ಚು ಶುದ್ಧವಾಗಿ ಬರುತ್ತದೆ. ‘ಕ್ಯೋತೋ’ ಎಂದರೆ ಉಪಮುಖ್ಯೋಪಾಧ್ಯಾಯರು, ‘ಕ್ಯೋತೊ’ ಎಂದರೆ ಹಳೆಯ ರಾಜಧಾನಿ. ಈ ಒಂದು ದೀರ್ಘ ತಪ್ಪಿದರೆ ಕೇಳುವವರಿಗೆ ಗೊಂದಲವಾಗುತ್ತದೆ.

ಜಪಾನಿನಲ್ಲಿ ಇಳಿದು ಮನೆ ಗೊತ್ತಾದ ಮೇಲೆ 14 ದಿನಗಳೊಳಗೆ ನಗರಸಭೆಯ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಈ ಕೆಲಸವನ್ನು ಮುಂದೂಡಬೇಡಿ.

2. ಬಾಗಿಲಲ್ಲಿ: ಪಾದರಕ್ಷೆ

ಶಾಲೆಯ ಪ್ರವೇಶದಲ್ಲಿ ‘ಗೆಂಕನ್’ ಎಂಬ ತಗ್ಗಿನ ಜಾಗವಿರುತ್ತದೆ. ಹೊರಗಿನ ಬೂಟನ್ನು ಅಲ್ಲಿ ಬಿಚ್ಚಿ, ‘ಗೆತಬಕೊ’ ಎಂಬ ಗೂಡಿನಲ್ಲಿಟ್ಟು, ‘ಉವಬಕಿ’ ಎಂಬ ಒಳಗಿನ ಬೂಟನ್ನು ತೊಟ್ಟು ಮೇಲೆ ಹೆಜ್ಜೆಯಿಡಬೇಕು. ಬಿಚ್ಚಿದ ಕಾಲನ್ನು ತಗ್ಗಿನ ನೆಲಕ್ಕೆ ತಾಗಿಸದೆ ನೇರವಾಗಿ ಎತ್ತರದ ನೆಲಕ್ಕೆ ಇಡುವುದು ಸರಿಯಾದ ಕ್ರಮ. ಬೂಟು ಬಿಚ್ಚಿ ಒಳಗೆ ಹೋಗುವುದು ನಮಗೆ ಹೊಸದಲ್ಲವಾದ್ದರಿಂದ ಇದು ಸುಲಭವೆನಿಸುತ್ತದೆ; ತಪ್ಪಾಗುವುದು ಮುಂದಿನ ಗಡಿಗಳಲ್ಲಿ. ವ್ಯಾಯಾಮ ಶಾಲೆಗೆ ಪ್ರತ್ಯೇಕ ಬೂಟು ಕೇಳುವ ಶಾಲೆಗಳಿವೆ, ಶೌಚಾಲಯದ ಬಾಗಿಲಲ್ಲಿ ಅಲ್ಲಿಗೆಂದೇ ಚಪ್ಪಲಿಗಳಿರುವುದೂ ಉಂಟು. ಆ ಚಪ್ಪಲಿಯಲ್ಲೇ ಮೊಗಸಾಲೆಗೆ ಬಂದುಬಿಡುವುದು ಹೊಸಬರೆಲ್ಲ ಒಮ್ಮೆಯಾದರೂ ಮಾಡುವ ತಪ್ಪು.

ಒಳಗಿನ ಬೂಟನ್ನು ನೀವೇ ಕೊಂಡು ಮೊದಲ ದಿನವೇ ಒಯ್ಯಿರಿ. ಅತಿಥಿಗಳಿಗೆಂದು ಇಟ್ಟ ಚಪ್ಪಲಿ ಸಡಿಲವಾಗಿರುತ್ತದೆ, ಮೆಟ್ಟಿಲು ಹತ್ತುವಾಗ ಜಾರುತ್ತದೆ. ಅದಕ್ಕಿಂತ ಮುಖ್ಯವಾಗಿ, ಭೂಕಂಪವಾದರೆ ಅದರಲ್ಲಿ ಓಡಲಾಗದು. ಪಾದ ದೊಡ್ಡದಿದ್ದವರಿಗೆ ಅಲ್ಲಿನ ಅಂಗಡಿಗಳಲ್ಲಿ ಅಳತೆ ಸಿಗದೆ ಹೋಗಬಹುದು, ಅಂಥವರು ಜೊತೆಗೇ ತರುವುದು ಲೇಸು.

3. ಶಿಕ್ಷಕರ ಕೊಠಡಿ

ಹೆಚ್ಚಿನ ಹೊಸಬರಿಗೆ ತರಗತಿಗಿಂತ ಕಷ್ಟವೆನಿಸುವ ಜಾಗ ಇದು. ‘ಶೊಕುಇನ್‌ಶಿತ್ಸು’ ಎಂದು ಕರೆಯುವ ಈ ಕೊಠಡಿಯಲ್ಲಿ ಎಲ್ಲ ಶಿಕ್ಷಕರ ಮೇಜುಗಳೂ ಎದುರುಬದುರಾಗಿ ಸಾಲಾಗಿರುತ್ತವೆ. ಮುಖ್ಯೋಪಾಧ್ಯಾಯರಿಗೆ, ಅಂದರೆ ‘ಕೋಚೋ’ ಸೆನ್ಸೇ (ಸೆನ್ಸೇ ಎಂದರೆ ಗುರುಗಳು) ಅವರಿಗೆ, ಬೇರೆ ಕೋಣೆಯಿದೆ. ಇಡೀ ಕೊಠಡಿ ಕಾಣುವಂತೆ ಮುಂದೆ ಕೂರುವವರು ಕ್ಯೋತೋ ಸೆನ್ಸೇ. ದಿನನಿತ್ಯದ ಆಡಳಿತವೆಲ್ಲ ಅವರ ಕೈಯಲ್ಲಿದೆ. ರಜೆ, ಕೀಲಿಕೈ, ತಡವಾಗಿ ಬರುವ ಸೂಚನೆ, ಕಾಯಿಲೆ, ಏನೇ ಇದ್ದರೂ ಮೊದಲು ಹೇಳಬೇಕಾದ್ದು ಅವರಿಗೆ.

ಇಲ್ಲಿ ಸದ್ದಿಲ್ಲದೆ ನಿಮ್ಮನ್ನು ಅಳೆಯುವುದು ಪಾಠದಿಂದಲ್ಲ, ವಂದನೆಯಿಂದ. ಬೆಳಿಗ್ಗೆ ಬಾಗಿಲಲ್ಲಿ ನಿಂತು ಎಲ್ಲರಿಗೂ ಕೇಳುವಂತೆ ‘ಒಹಯೋ ಗೊಜೈಮಸು’ ಎನ್ನಬೇಕು. ಹೊತ್ತಿನ ನಡುವೆ ಎದುರಾದವರಿಗೆ ‘ಒತ್ಸುಕರೆಸಮ ದೆಸು’, ಅಂದರೆ ದಣಿದಿದ್ದೀರಿ ಎಂಬ ಗೌರವದ ಮಾತು. ಹೊರಡುವಾಗ ‘ಒಸಕಿ ನಿ ಶಿತ್ಸುರೇ ಶಿಮಸು’, ಅಂದರೆ ನಿಮಗಿಂತ ಮೊದಲೇ ಹೊರಡುತ್ತಿದ್ದೇನೆ, ಕ್ಷಮಿಸಿ. ಯಾರೂ ತಲೆಯೆತ್ತದಿದ್ದರೂ ಹೇಳಿ, ಅವರು ಕೇಳಿಸಿಕೊಂಡಿರುತ್ತಾರೆ. ಯಾರಿಗೂ ತೊಂದರೆಯಾಗಬಾರದೆಂದು ಸದ್ದಿಲ್ಲದೆ ಬಂದು ಸದ್ದಿಲ್ಲದೆ ಹೋಗುವುದು ಸಂಕೋಚದ ಸ್ವಭಾವದವರು ಮಾಡುವ ತಪ್ಪು. ಅದನ್ನು ವಿನಯವೆಂದು ಯಾರೂ ತಿಳಿಯುವುದಿಲ್ಲ, ಬಿಗುಮಾನವೆಂದೇ ತಿಳಿಯುತ್ತಾರೆ.

ಸಹೋದ್ಯೋಗಿಗಳು ಮಾತನಾಡಿಸುವುದಿಲ್ಲ ಎಂಬುದು ನನಗೆ ಬರುವ ದೂರುಗಳಲ್ಲೇ ಹೆಚ್ಚಿನದು. 2018ರ ಒಇಸಿಡಿ ಅಂತರರಾಷ್ಟ್ರೀಯ ಶಿಕ್ಷಕರ ಸಮೀಕ್ಷೆಯ ಪ್ರಕಾರ ಜಪಾನಿನ ಕಿರಿಯ ಪ್ರೌಢಶಾಲೆಯ ಶಿಕ್ಷಕರು ವಾರಕ್ಕೆ ಸರಾಸರಿ 56 ಗಂಟೆ ದುಡಿಯುತ್ತಿದ್ದರು. ಭಾಗವಹಿಸಿದ ದೇಶಗಳಲ್ಲೆಲ್ಲ ಅದೇ ಅತಿ ಹೆಚ್ಚು, ಎಲ್ಲ ದೇಶಗಳ ಸರಾಸರಿ 38.3 ಗಂಟೆಯಾಗಿತ್ತು. ಪಕ್ಕದ ಮೇಜಿನವರು ಮೌನವಾಗಿದ್ದರೆ ಅವರ ಮುಂದೆ ಒಂದು ರಾಶಿ ನೋಟ್‌ಬುಕ್‌ಗಳಿವೆ, ಆಮೇಲೆ ಕ್ಲಬ್ ಚಟುವಟಿಕೆಯಿದೆ, ಪೋಷಕರಿಗೆ ದೂರವಾಣಿ ಮಾಡುವುದಿದೆ. ಜೊತೆಗೆ ಇಂಗ್ಲಿಷಿನಲ್ಲಿ ತಪ್ಪಾದೀತೆಂಬ ಅಂಜಿಕೆಯೂ ಇದೆ. ನೀವೇ ಜಪಾನಿಯಲ್ಲಿ ತಪ್ಪುತಪ್ಪಾಗಿ ಒಂದು ಮಾತಾಡಿ. ಅವರ ಅಂಜಿಕೆ ಕಡಿಮೆಯಾಗಲು ಅದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ.

ಜೆಟ್ ಮೂಲಕ ಹೋಗುವವರಲ್ಲಿ ಹೆಚ್ಚಿನವರು ಜುಲೈ ಕೊನೆಯಿಂದ ಆಗಸ್ಟ್‌ನೊಳಗೆ ತಲುಪುತ್ತಾರೆ. ಅದು ಬೇಸಿಗೆ ರಜೆಯ ಕಾಲ. ಮಕ್ಕಳಿಲ್ಲದ ಶಾಲೆಯಲ್ಲಿ ಮೇಜಿನ ಮುಂದೆ ವಾರಗಟ್ಟಲೆ ಸುಮ್ಮನೆ ಕೂರಬೇಕಾಗಬಹುದು. ಇದರಿಂದ ಕಂಗೆಡಬೇಡಿ. ಸಹೋದ್ಯೋಗಿಗಳ ಆಸನಗಳ ನಕ್ಷೆ ಕೇಳಿ ಪಡೆದು ಹೆಸರುಗಳನ್ನು ಕಲಿಯಿರಿ, ಪಠ್ಯಪುಸ್ತಕ ತಿರುವಿಹಾಕಿ, ಸ್ವಪರಿಚಯದ ಪಾಠವನ್ನು ಸಿದ್ಧಪಡಿಸಿ. ಸಹೋದ್ಯೋಗಿಗಳನ್ನು ಮನೆತನದ ಹೆಸರಿಗೆ ಸೆನ್ಸೇ ಸೇರಿಸಿಯೇ ಕರೆಯಬೇಕು. ನಿಮ್ಮನ್ನು ಮಾತ್ರ ಅವರು ಮೊದಲ ಹೆಸರಿನಿಂದ ಕರೆಯುವುದು ರೂಢಿ, ಅದರಲ್ಲಿ ಅಗೌರವವಿಲ್ಲ.

4. ತರಗತಿಯ ಮೌನ

ದಿನದ ಸರದಿಯ ವಿದ್ಯಾರ್ಥಿ, ‘ನಿಚ್ಚೊಕು’, ‘ಕಿರಿತ್ಸು, ರೇ, ಚಕುಸೆಕಿ’ ಎನ್ನುತ್ತಾನೆ: ಏಳಿ, ವಂದಿಸಿ, ಕುಳಿತುಕೊಳ್ಳಿ. ಪಾಠ ಆರಂಭವಾಗುವುದು ಅದರ ನಂತರ. ಅದಕ್ಕೂ ಮುನ್ನವೇ ಉತ್ಸಾಹದಿಂದ ಮಾತಿಗಾರಂಭಿಸಬೇಡಿ.

ನೀವು ಇಡೀ ತರಗತಿಗೆ ಒಂದು ಪ್ರಶ್ನೆ ಕೇಳುತ್ತೀರಿ. ಯಾರೂ ಕೈಯೆತ್ತುವುದಿಲ್ಲ. ಒಬ್ಬರನ್ನು ಹೆಸರಿಸಿ ಕೇಳಿದರೆ ಆ ಮಗು ಪಕ್ಕದವರತ್ತ ತಿರುಗಿ ಏನೋ ಕೇಳುತ್ತದೆ, ಮತ್ತೆ ಮೌನ. ಪ್ರಾಥಮಿಕ ಶಾಲೆಯ ಚಿಕ್ಕವರು ಹೀಗಲ್ಲ, ಅವರು ಮೇಲೆ ಬಿದ್ದು ಉತ್ತರಿಸುತ್ತಾರೆ. ಆದರೆ 12 ವರ್ಷ ದಾಟಿ ಕಿರಿಯ ಪ್ರೌಢಶಾಲೆಗೆ ಬಂದ ಮೇಲೆ ಈ ಮೌನ ಕವಿಯುತ್ತದೆ. ಉತ್ತರ ಗೊತ್ತಿಲ್ಲದ್ದು ಇದಕ್ಕೆ ಕಾರಣವಾಗಿರುವುದು ಅಪರೂಪ. ಎಲ್ಲರೆದುರು ತಪ್ಪಾಡುವ ಮುಜುಗರ ಒಂದೆಡೆ, ಸರಿಯಾಗಿ ಹೇಳಿ ಗೆಳೆಯರಿಗಿಂತ ಎದ್ದುಕಾಣುವ ಮುಜುಗರ ಇನ್ನೊಂದೆಡೆ.

ಮೌನವನ್ನು ನೀವೇ ಮಾತನಾಡಿ ತುಂಬಬೇಡಿ. ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ. ಅಷ್ಟು ಹೊತ್ತು ಅಲ್ಲಿ ಅಸಹಜವಲ್ಲ. ಆಮೇಲೆ ಕ್ರಮವನ್ನೇ ಬದಲಿಸಿ: ಮೊದಲು ಪ್ರತಿಯೊಬ್ಬರೂ ಕಾಗದದ ಮೇಲೆ ಉತ್ತರ ಬರೆಯಲಿ, ನಂತರ ಪಕ್ಕದವರಿಗೆ ಓದಿ ಹೇಳಲಿ, ಅದಾದ ಮೇಲೆ ನಾಲ್ವರ ಗುಂಪಿನಲ್ಲಿ ಒಂದನ್ನು ಆರಿಸಿ ಗುಂಪಿನ ಉತ್ತರವಾಗಿ ಹೇಳಲಿ. ಗುಂಪಿನ ಹೆಸರಿನಲ್ಲಿ ಮಾತಾಡುವಾಗ ಮಕ್ಕಳ ದನಿ ತಾನಾಗಿ ಮೇಲೇಳುತ್ತದೆ. ಯಾರು ಹೇಳಬೇಕು ಎಂಬುದನ್ನು ಕಲ್ಲು-ಕಾಗದ-ಕತ್ತರಿಯ ‘ಜನ್‌ಕೆನ್’ ಆಟಕ್ಕೆ ಬಿಟ್ಟುಬಿಡಿ. ಅದರ ತೀರ್ಪನ್ನು ಎಲ್ಲರೂ ತಕರಾರಿಲ್ಲದೆ ಒಪ್ಪುತ್ತಾರೆ.

ಇನ್ನೊಂದು ಎಚ್ಚರಿಕೆ ನೋಟ್‌ಬುಕ್ ತಿದ್ದುವುದರ ಬಗ್ಗೆ. ಜಪಾನಿನಲ್ಲಿ ಸರಿಯುತ್ತರಕ್ಕೆ ಹಾಕುವುದು ವೃತ್ತ, ಅದರ ಹೆಸರು ‘ಮರು’. ನಾವು ಸರಿ ಎನ್ನಲು ಹಾಕುವ ಟಿಕ್ ಗುರುತು ಅಲ್ಲಿ ತಪ್ಪು ಎಂಬ ಸೂಚನೆ. ನಾನು ತಿದ್ದಿದ ಮೊದಲ ಕಟ್ಟಿನಲ್ಲಿ ಪೂರ್ಣ ಅಂಕ ಪಡೆದ ಹುಡುಗಿಯೊಬ್ಬಳು ಕಣ್ಣೀರು ತುಂಬಿಕೊಂಡು ಬಂದಾಗಲೇ ನನಗಿದು ತಿಳಿದದ್ದು. ನಿಮ್ಮ ತರಗತಿಯಲ್ಲಿ ಹಾಗಾಗುವುದು ಬೇಡ. ಅತ್ಯುತ್ತಮ ಕೆಲಸಕ್ಕೆ ವೃತ್ತದ ಸುತ್ತ ಹೂದಳ ಬರೆಯುತ್ತಾರೆ, ಅದು ‘ಹನಮರು’. ಕೆಂಪು ಶಾಯಿಯಲ್ಲಿ ಅಂಕ ಹಾಕಬಹುದು, ಆದರೆ ಯಾರ ಹೆಸರನ್ನೂ ಬರೆಯಬಾರದು. ಅದನ್ನು ಅಶುಭವೆಂದು ಭಾವಿಸುತ್ತಾರೆ.

ಹೌದು ಎನ್ನಲು ನಾವು ತಲೆಯನ್ನು ಅತ್ತಿತ್ತ ತೂಗಿಸುತ್ತೇವಲ್ಲ, ಅದು ಅಲ್ಲಿನ ಮಕ್ಕಳಿಗೆ ಅರ್ಥವಾಗುವುದಿಲ್ಲ. ಕೆಲವರಿಗೆ ತಮ್ಮ ಉತ್ತರದ ಬಗ್ಗೆ ನಿಮಗೆ ಅನುಮಾನವಿದೆ ಎಂದು ತೋರುತ್ತದೆ. ಸ್ಪಷ್ಟವಾಗಿ ಮೇಲೆ ಕೆಳಗೆ ತಲೆಯಾಡಿಸುವುದನ್ನು ಅಭ್ಯಾಸ ಮಾಡಿಕೊಳ್ಳಿ.

ಜೊತೆಯ ಶಿಕ್ಷಕರು ನಿಮ್ಮಿಂದ ಬರೀ ಪಾಠ ಓದಿಸಿ, ಮಕ್ಕಳು ಅದನ್ನು ಪುನರುಚ್ಚರಿಸುವಂತೆ ಮಾಡುತ್ತಿದ್ದರೆ ಬೇಸರವಾಗುವುದು ಸಹಜ. ಆದರೆ ಮೊದಲ ತಿಂಗಳಲ್ಲೇ ಆಕ್ಷೇಪಿಸಬೇಡಿ. ಮುಂದಿನ ವಾರದ ಪುಟಕ್ಕೆ ಹೊಂದುವ ಐದು ನಿಮಿಷದ ಚಟುವಟಿಕೆಯೊಂದನ್ನು ಒಂದೇ ಹಾಳೆಯಲ್ಲಿ ಬರೆದು, ಸಾಧ್ಯವಾದರೆ ಬಳಸಬಹುದೇ ಎಂದು ಕೇಳಿ. ಐದು ನಿಮಿಷ ಕ್ರಮೇಣ ಹದಿನೈದಾಗುತ್ತದೆ. ಶಿಸ್ತಿನ ವಿಷಯವನ್ನು ಮಾತ್ರ ಕೈಗೆತ್ತಿಕೊಳ್ಳಬೇಡಿ. ಗಲಾಟೆ ಮಾಡುವ ಅಥವಾ ಮೇಜಿನ ಮೇಲೆ ತಲೆಯಿಟ್ಟು ನಿದ್ರಿಸುವ ಮಗುವಿನ ಮನೆಯ ಪರಿಸ್ಥಿತಿ ತರಗತಿಯ ಹೊಣೆ ಹೊತ್ತ ‘ತನ್ನಿನ್’ ಶಿಕ್ಷಕರಿಗೆ ಗೊತ್ತಿರುತ್ತದೆ, ನಿಮಗೆ ಗೊತ್ತಿರುವುದಿಲ್ಲ.

5. ಮಧ್ಯಾಹ್ನದ ಊಟ

‘ಕ್ಯೂಶೊಕು’ ಎಂಬ ಶಾಲಾ ಊಟಕ್ಕೆ 1954ರ ಕಾನೂನಿನ ಆಧಾರವಿದೆ. ಪ್ರಾಥಮಿಕ ಶಾಲೆಗಳಲ್ಲೂ ಹೆಚ್ಚಿನ ಕಿರಿಯ ಪ್ರೌಢಶಾಲೆಗಳಲ್ಲೂ ಬಿಳಿ ನಿಲುವಂಗಿ, ಟೋಪಿ, ಮುಖಗವಸು ತೊಟ್ಟ ಮಕ್ಕಳೇ ತಮ್ಮ ತರಗತಿಗೆ ಬಡಿಸುತ್ತಾರೆ, ಶಿಕ್ಷಕರು ಅವರೊಡನೆ ತರಗತಿಯಲ್ಲೇ ಕುಳಿತು ಅದೇ ಊಟ ಮಾಡುತ್ತಾರೆ. ಮಕ್ಕಳಿಗಿಂತ ಮೊದಲು ಮುಖ್ಯೋಪಾಧ್ಯಾಯರಂಥ ಹೊಣೆಗಾರರೊಬ್ಬರು ತಿಂದು ಪರೀಕ್ಷಿಸುವ ನಿಯಮವೂ ಇದೆ. ಎಲ್ಲರಿಗೂ ಬಡಿಸಿಯಾಗಿ ‘ಇತದಕಿಮಸು’ ಎನ್ನುವವರೆಗೆ ಯಾರೂ ತಿನ್ನುವುದಿಲ್ಲ, ‘ಗೊಚಿಸೋಸಮ ದೆಶಿತ’ ಎನ್ನುವವರೆಗೆ ಯಾರೂ ಏಳುವುದಿಲ್ಲ. ತಿನ್ನಲು ಸಿಗುವುದು ಇಪ್ಪತ್ತು ನಿಮಿಷದ ಆಸುಪಾಸು. ಮಾತಿನಲ್ಲಿ ಮೈಮರೆತರೆ ನಿಮ್ಮ ತಟ್ಟೆಗಾಗಿ ಇಡೀ ತರಗತಿ ಕಾಯಬೇಕಾಗುತ್ತದೆ. ಶಿಕ್ಷಕರು ತಮ್ಮ ಊಟದ ಹಣ ಕೊಡಬೇಕು.

ಸಸ್ಯಾಹಾರಿ ಓದುಗರು ಈ ಭಾಗವನ್ನು ದಯವಿಟ್ಟು ಎರಡು ಸಲ ಓದಿ. ನೋಡಲು ಬರೀ ತರಕಾರಿಯಂತಿರುವ ಸಾರಿನಲ್ಲೂ ‘ದಶಿ’ ಇರುತ್ತದೆ. ಅದು ಸಾಮಾನ್ಯವಾಗಿ ಒಣಗಿಸಿದ ಮೀನಿನಿಂದ ತೆಗೆದ ರಸ. ಮಾಂಸ ತಿನ್ನುವುದಿಲ್ಲ ಎಂದಷ್ಟೇ ಹೇಳಿದರೆ ಮೀನು ಆಗಬಹುದೆಂದು ತಿಳಿಯುತ್ತಾರೆ, ಮೀನೂ ಬೇಡವೆಂದರೂ ದಶಿಯ ನೆನಪು ಯಾರಿಗೂ ಬರುವುದಿಲ್ಲ. ಆದ್ದರಿಂದ ‘ನಿಕು ಮೊ, ಸಕನ ಮೊ, ದಶಿ ಮೊ ತಬೆಮಸೆನ್’ ಎಂದು ಮೂರನ್ನೂ ಹೆಸರಿಸಿ ಹೇಳಬೇಕು. ಅದನ್ನು ಹೇಳಬೇಕಾದ್ದು ಊಟದ ಹೊತ್ತಿನಲ್ಲಲ್ಲ, ಕೆಲಸಕ್ಕೆ ಸೇರುವ ಮೊದಲೇ, ಲಿಖಿತವಾಗಿ. ಊಟದ ಎಣಿಕೆ ತಿಂಗಳ ಮೊದಲೇ ನಿರ್ಧಾರವಾಗಿರುತ್ತದೆ. ಮನೆಯಿಂದ ಬುತ್ತಿ ತರಲು ಅನುಮತಿ ಕೇಳಿದರೆ ಸಾಮಾನ್ಯವಾಗಿ ಕೊಡುತ್ತಾರೆ; ಆದರೆ ಬುತ್ತಿಯನ್ನೂ ಮಕ್ಕಳ ಜೊತೆ ಕುಳಿತೇ ತಿನ್ನಿ. ತಟ್ಟೆ ಬೇರೆಯಾದುದಕ್ಕಿಂತ ನೀವೇ ಬೇರೆ ಕೋಣೆಗೆ ಹೋಗುವುದು ಅವರಿಗೆ ಹೆಚ್ಚು ವಿಚಿತ್ರವೆನಿಸುತ್ತದೆ. ಏಕೆ ತಿನ್ನುವುದಿಲ್ಲ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಒಂದೇ ವಾಕ್ಯದಲ್ಲಿ ಹೇಳಿ, ಅವರ ಊಟದ ಬಗ್ಗೆ ಒಳ್ಳೆಯ ಮಾತೊಂದನ್ನು ಸೇರಿಸಿ.

6. ಶುಚಿಗೊಳಿಸುವ ಹೊತ್ತು

ಊಟದ ನಂತರ ಅಥವಾ ಪಾಠಗಳು ಮುಗಿದ ಮೇಲೆ 15–20 ನಿಮಿಷ ‘ಸೋಜಿ’. ಮಕ್ಕಳು ಗುಂಪುಗಳಾಗಿ ತರಗತಿ, ಮೆಟ್ಟಿಲು, ಹಲವೆಡೆ ಶೌಚಾಲಯವನ್ನೂ ಗುಡಿಸಿ ಒರೆಸುತ್ತಾರೆ. ನಿಮಗೆ ಜಾಗ ಗೊತ್ತುಮಾಡಿರದಿದ್ದರೆ ‘ನಾನೆಲ್ಲಿ ಸೇರಲಿ’ ಎಂದು ಕೇಳಿ, ಒರೆಸುವ ಬಟ್ಟೆ ಹಿಡಿದು ಮೊಣಕಾಲೂರಿ. ಶಿಕ್ಷಕರು ನೆಲ ಒರೆಸುವುದೇ ಎಂದು ಅಚ್ಚರಿಪಟ್ಟು ಬರೆದವರಿಗೆ ನನ್ನ ಉತ್ತರ ಒಂದೇ: ತರಗತಿಯಲ್ಲಿ ಬಾಯಿಬಿಡದ ಮಕ್ಕಳು ನಿಮ್ಮೊಡನೆ ಮೊದಲ ಇಂಗ್ಲಿಷ್ ವಾಕ್ಯ ಆಡುವುದು ಈ ಹೊತ್ತಿನಲ್ಲೇ.

7. ‘ಇಲ್ಲ’ ಎಂಬುದನ್ನು ಕೇಳಿಸಿಕೊಳ್ಳುವುದು

ಜಪಾನಿ ಸಹೋದ್ಯೋಗಿಗಳು ನೇರವಾಗಿ ಇಲ್ಲವೆನ್ನುವುದು ವಿರಳ. ಉಸಿರೆಳೆದುಕೊಂಡು ‘ಚೊತ್ತೊ…’ ಎಂದು ಅರ್ಧಕ್ಕೆ ನಿಲ್ಲಿಸಿದರೆ ಅದು ಇಲ್ಲ. ‘ಮುಜುಕಶೀ ದೆಸು ನೆ’, ಅಂದರೆ ಕಷ್ಟ ಕಣ್ರೀ ಎಂದರೂ ಇಲ್ಲ. ಆ ಕಷ್ಟವನ್ನು ನಿವಾರಿಸುವ ಉಪಾಯ ಹೇಳಲು ಹೋಗಬೇಡಿ. ‘ಕೆಂತೋ ಶಿಮಸು’, ಪರಿಶೀಲಿಸುತ್ತೇವೆ ಎಂಬುದೂ ಬಹುಪಾಲು ಅದೇ. ಇದಕ್ಕೆ ತದ್ವಿರುದ್ಧವಾಗಿ ‘ಹೈ’ ಎಂಬ ಮಾತು ಹೌದು ಎಂದೇ ಆಗಬೇಕಿಲ್ಲ. ನೀವು ಮಾತಾಡುತ್ತಿರುವಾಗ ನಡುನಡುವೆ ಬರುವ ‘ಹೈ, ಹೈ’ ನಮ್ಮ ಹೂಂಗುಟ್ಟುವಿಕೆಯಂತೆ, ಕೇಳಿಸಿಕೊಳ್ಳುತ್ತಿದ್ದೇನೆ ಎಂದಷ್ಟೇ ಅರ್ಥ. ಮುಖ್ಯವಾದ ವಿಷಯವಾಗಿದ್ದರೆ ಮಾತು ಮುಗಿದ ಮೇಲೆ ದಿನಾಂಕ, ಸಮಯ, ಜಾಗವನ್ನು ಒಂದು ಚೀಟಿಯಲ್ಲಿ ಬರೆದು ತೋರಿಸಿ ಖಚಿತಪಡಿಸಿಕೊಳ್ಳಿ.

ನಿಮ್ಮ ಬಗ್ಗೆ ಇರುವ ದೂರು ಕೂಡ ಹೀಗೇ ಸುತ್ತಿ ಬರುತ್ತದೆ. ‘ಇತ್ತೀಚೆಗೆ ಬೆಳಿಗ್ಗೆ ಬಸ್ಸು ತಡವಾಗುತ್ತಿದೆಯೇ?’ ಎಂದು ಕ್ಯೋತೋ ಸೆನ್ಸೇ ವಿಚಾರಿಸಿದರೆ ಅದು ಬಸ್ಸಿನ ಪ್ರಶ್ನೆಯಲ್ಲ. ಕೆಲಸದ ಸಮಯಕ್ಕೆ ಸರಿಯಾಗಿ ಬರುವುದು ಎಂದರೆ ಆ ಹೊತ್ತಿಗೆ ಮೇಜಿನ ಮುಂದೆ ಸಿದ್ಧರಾಗಿ ಕುಳಿತಿರುವುದು. ಹತ್ತು ನಿಮಿಷ ಮೊದಲೇ ಬನ್ನಿ.

8. ರಜೆ, ಕಾಯಿಲೆ, ಅಪಾಯದ ದಿನಗಳು

ಸಂಬಳ ಸಹಿತ ರಜೆಗೆ ‘ನೆನ್‌ಕ್ಯೂ’ ಎನ್ನುತ್ತಾರೆ. ಅನೇಕ ಕಡೆ ಅದನ್ನು ಗಂಟೆಗಳ ಲೆಕ್ಕದಲ್ಲೂ ಪಡೆಯಬಹುದು. ಅದು ನಿಮ್ಮ ಹಕ್ಕು. ಸಹೋದ್ಯೋಗಿಗಳು ರಜೆ ತೆಗೆದುಕೊಳ್ಳುವುದಿಲ್ಲವೆಂದು ನೀವೂ ಬಿಟ್ಟುಕೊಡಬೇಕಾಗಿಲ್ಲ, ಆದರೆ ಮುಂಚಿತವಾಗಿ ತಿಳಿಸಿ, ಮುಖ್ಯ ಕಾರ್ಯಕ್ರಮಗಳ ದಿನ ತಪ್ಪಿಸಿ. ಪ್ರವಾಸದಿಂದ ಮರಳುವಾಗ ‘ಒಮಿಯಗೆ’, ಅಂದರೆ ಬಿಡಿಬಿಡಿಯಾಗಿ ಸುತ್ತಿದ ಸಿಹಿತಿನಿಸಿನ ಪೊಟ್ಟಣ ತಂದು ಪ್ರತಿ ಮೇಜಿನ ಮೇಲೂ ಒಂದೊಂದು ಇಡುವುದು ರೂಢಿ. ಕಾಯಿಲೆಯ ರಜೆಗೆ ವೈದ್ಯರ ಪ್ರಮಾಣಪತ್ರ ಬೇಕಾಗಬಹುದು, ಒಪ್ಪಂದ ನೋಡಿಕೊಳ್ಳಿ. ಅರ್ಜಿಗಳಿಗೆ ಸಹಿಯ ಬದಲು ‘ಹಂಕೊ’ ಎಂಬ ಮುದ್ರೆ ಕೇಳುವ ಕಚೇರಿಗಳು ಈಗ ಕಡಿಮೆಯಾಗುತ್ತಿದ್ದರೂ ಪೂರ್ತಿ ಇಲ್ಲವಾಗಿಲ್ಲ.

ಚಂಡಮಾರುತ ಬಂದು ಮಕ್ಕಳಿಗೆ ರಜೆ ಕೊಟ್ಟರೂ ಶಿಕ್ಷಕರಿಗೆ ರಜೆಯೆಂದು ಭಾವಿಸಬೇಡಿ, ಕೇಳಿ ತಿಳಿಯಿರಿ. 1923ರ ಸೆಪ್ಟೆಂಬರ್ 1ರ ಮಹಾಭೂಕಂಪದ ನೆನಪಿಗೆ ಆ ದಿನವನ್ನು ವಿಪತ್ತು ತಡೆ ದಿನವಾಗಿ ಆಚರಿಸುತ್ತಾರೆ. ಆ ಸುಮಾರಿಗೆ ಶಾಲೆಗಳಲ್ಲಿ ಕವಾಯತು ನಡೆಯುತ್ತದೆ. ಘಂಟೆ ಬಾರಿಸಿದೊಡನೆ ಮಕ್ಕಳು ಮೇಜಿನಡಿ ಸೇರುತ್ತಾರೆ. ಅವರ ಜೊತೆ ನೀವೂ ಅದನ್ನು ಪೂರ್ಣ ಗಂಭೀರತೆಯಿಂದ ಮಾಡಿ, ಹೊರಗೆ ಸೇರುವ ಜಾಗ ಯಾವುದೆಂದು ಅಂದೇ ಗುರುತಿಟ್ಟುಕೊಳ್ಳಿ. ಆಂಬುಲೆನ್ಸ್ ಮತ್ತು ಅಗ್ನಿಶಾಮಕಕ್ಕೆ 119, ಪೊಲೀಸರಿಗೆ 110.

ಮಕ್ಕಳ ಚಿತ್ರಗಳನ್ನು ಯಾವ ಕಾರಣಕ್ಕೂ ಸಾಮಾಜಿಕ ಜಾಲತಾಣಕ್ಕೆ ಹಾಕಬೇಡಿ.

9. ಕೆಲಸದ ನಂತರದ ಕೂಟ

ವರ್ಷಾಂತ್ಯದ ‘ಬೋನೆನ್‌ಕೈ’ ಮೊದಲಾದ ಕೂಟಗಳಿಗೆ ಹೋಗುವುದು ಕಡ್ಡಾಯವಲ್ಲ, ಆದರೆ ಮೊದಲ ವರ್ಷದಲ್ಲಿ ಒಂದೆರಡಕ್ಕಾದರೂ ಹೋಗಿ. ಮದ್ಯ ಕುಡಿಯದವರು ಚಹಾದ ಲೋಟ ಎತ್ತಿ ‘ಕಂಪೈ’ ಎನ್ನಬಹುದು, ಯಾರಾದರೂ ಬಲವಂತ ಮಾಡಿದರೆ ನಗುತ್ತಲೇ ದೃಢವಾಗಿ ನಿರಾಕರಿಸಿ. ತಮ್ಮ ಲೋಟಕ್ಕೆ ತಾವೇ ಸುರಿದುಕೊಳ್ಳದೆ ಪಕ್ಕದವರಿಗೆ ಸುರಿಯುವುದು ಕ್ರಮ. ಅಂದು ರಾತ್ರಿ ಆತ್ಮೀಯವಾಗಿ ಮಾತನಾಡಿದವರು ಮರುದಿನ ಎಂದಿನಂತೆ ಗಂಭೀರವಾಗಿದ್ದರೆ ನೊಂದುಕೊಳ್ಳಬೇಡಿ.

10. ಇಳಿಮುಖದ ತಿಂಗಳುಗಳು

ಮೊದಲ ತಿಂಗಳುಗಳ ಹುರುಪು ಇಳಿದ ಮೇಲೆ ಎಲ್ಲವೂ ಭಾರವಾಗುವ ಕಾಲವೊಂದು ಬರುತ್ತದೆ. ಬೇಸಿಗೆಯಲ್ಲಿ ತಲುಪಿದವರಿಗೆ ಅದು ಚಳಿಗಾಲದಲ್ಲೇ ಬರುವುದರಿಂದ ಇನ್ನಷ್ಟು ಕಷ್ಟ. ತರಗತಿ ಬೆಚ್ಚಗಿದ್ದರೂ ಮೊಗಸಾಲೆ ಹಿಮದಂತಿರುತ್ತದೆ, ಸಂಜೆ ಐದಕ್ಕೆ ಕತ್ತಲು, ಮನೆಯಲ್ಲಿ ಯಾರೂ ಇಲ್ಲ. ಚಿಕ್ಕ ವಿಷಯಕ್ಕೆ ಸಿಟ್ಟು ಬರುವುದು, ‘ಇವರೆಲ್ಲ ಹೀಗೆಯೇ’ ಎಂದು ಇಡೀ ದೇಶವನ್ನು ಒಟ್ಟಾಗಿ ದೂಷಿಸುವ ಮಾತು ಬಾಯಿಗೆ ಬರುವುದು, ರಜಾದಿನವಿಡೀ ಮನೆಯವರೊಡನೆ ವಿಡಿಯೊ ಕರೆಯಲ್ಲೇ ಕಳೆಯುವುದು ಇದರ ಗುರುತುಗಳು. ಇದು ನಿಮ್ಮ ದೌರ್ಬಲ್ಯವಲ್ಲ. ಇದು ಬರುತ್ತದೆಂದು ಮೊದಲೇ ತಿಳಿದಿದ್ದರೆ ಅರ್ಧ ಭಾರ ಇಳಿದಂತೆ.

ಈ ಕಾಲದಲ್ಲಿ ಒಪ್ಪಂದದ ಬಗ್ಗೆ ತೀರ್ಮಾನ ಮಾಡಬೇಡಿ ಎನ್ನಲು ನನಗೆ ಮನಸ್ಸಿದೆ, ಆದರೆ ಜೆಟ್‌ನಲ್ಲಿ ಮುಂದುವರಿಯುತ್ತೀರೋ ಇಲ್ಲವೋ ಎಂದು ಕೇಳುವುದೂ ಚಳಿಗಾಲದಲ್ಲೇ. ಹಾಗಾಗಿ ಶರತ್ಕಾಲದಲ್ಲೇ, ಮನಸ್ಸು ತಿಳಿಯಾಗಿರುವಾಗ, ಉಳಿಯಲು ಮತ್ತು ಹೊರಡಲು ನಿಮಗಿರುವ ಕಾರಣಗಳನ್ನು ಬರೆದಿಟ್ಟು, ಉತ್ತರ ಕೊಡುವ ಮುನ್ನ ಅದನ್ನು ಓದಿ. ವಾರಕ್ಕೊಂದು ಸಂಜೆ ಶಾಲೆಗೆ ಸಂಬಂಧಿಸದ ಯಾವುದಾದರೂ ಗುಂಪಿಗೆ ಸೇರಿ. ನಗರಸಭೆಗಳು ನಡೆಸುವ ಜಪಾನಿ ಭಾಷಾ ತರಗತಿಗಳು ಅಗ್ಗ, ಕೆಲವೆಡೆ ಉಚಿತ. ನಿದ್ರೆ ಕೆಟ್ಟು, ಊಟ ಸೇರದೆ ವಾರಗಳು ಕಳೆದರೆ ವೈದ್ಯರನ್ನು ಕಾಣಲು ಸಂಕೋಚಪಡಬೇಡಿ. ಟೋಕಿಯೊದಲ್ಲಿ 1973ರಲ್ಲಿ ಸ್ಥಾಪನೆಯಾದ ಟೆಲ್ ಎಂಬ ಸೇವಾಸಂಸ್ಥೆ ಇಂಗ್ಲಿಷಿನಲ್ಲಿ ದೂರವಾಣಿ ಮೂಲಕ ಕಷ್ಟ ಕೇಳುತ್ತದೆ.

11. ಮಾರ್ಚ್ ತಿಂಗಳ ವರ್ಗಾವಣೆ

‘ಜಿಂಜಿ ಇದೋ’ ಎಂಬ ವಾರ್ಷಿಕ ವರ್ಗಾವಣೆಯ ಬಗ್ಗೆ ಮೊದಲೇ ಯಾರೂ ಎಚ್ಚರಿಸುವುದಿಲ್ಲ. ಸಾರ್ವಜನಿಕ ಶಾಲೆಗಳ ಶಿಕ್ಷಕರನ್ನು ಕೆಲವು ವರ್ಷಗಳಿಗೊಮ್ಮೆ ಬೇರೆ ಶಾಲೆಗೆ ಕಳುಹಿಸುತ್ತಾರೆ, ಪಟ್ಟಿ ಪ್ರಕಟವಾಗುವುದು ಮಾರ್ಚ್ ಕೊನೆಯ ಭಾಗದಲ್ಲಿ. ನಿಮಗೆ ಇಂಗ್ಲಿಷಿನಲ್ಲಿ ಎಲ್ಲವನ್ನೂ ವಿವರಿಸುತ್ತಿದ್ದ ಒಬ್ಬರೇ ಸಹೋದ್ಯೋಗಿ ಏಪ್ರಿಲ್ ಒಂದರಂದು ಅಲ್ಲಿರದೆ ಹೋಗಬಹುದು. ಆದ್ದರಿಂದ ಒಬ್ಬರನ್ನೇ ನೆಚ್ಚಬೇಡಿ. ಫೆಬ್ರವರಿಯೊಳಗೆ ನಿಮ್ಮ ವೇಳಾಪಟ್ಟಿ ಯಾರು ಮಾಡುತ್ತಾರೆ, ಊಟದ ಹಣ ಯಾರಿಗೆ ಕೊಡಬೇಕು, ಪ್ರತಿ ತರಗತಿಯಲ್ಲಿ ಯಾವ ಪುಟದವರೆಗೆ ಆಗಿದೆ ಎಂಬುದನ್ನೆಲ್ಲ ಬರೆದಿಟ್ಟುಕೊಳ್ಳಿ. ನೀವೇ ಹೊರಡುವವರಾದರೆ ಈ ಟಿಪ್ಪಣಿಯೇ ‘ಹಿಕಿತ್ಸುಗಿ’, ಅಂದರೆ ಮುಂದಿನವರಿಗೆ ಒಪ್ಪಿಸುವ ಕಡತವಾಗುತ್ತದೆ. ಅದರಲ್ಲಿ ಪಾಠಗಳ ಪಟ್ಟಿಯ ಜೊತೆಗೆ ಶಾಲೆಗೆ ಬರುವ ಬಸ್ಸಿನ ವೇಳೆ, ನಿಮ್ಮ ಗೆತಬಕೊ ಗೂಡಿನ ಸಂಖ್ಯೆ, ನೀವು ನೆಲ ಒರೆಸುತ್ತಿದ್ದ ಗುಂಪಿನ ಜಾಗ ಇಷ್ಟನ್ನೂ ಬರೆಯಿರಿ. ಮೊದಲ ದಿನ ಬಾಗಿಲಲ್ಲಿ ನಿಂತವರಿಗೆ ಬೇಕಾಗುವುದು ಅವೇ.